ಜೆನೀವಾದ ವೈದ್ಯನಾದ ಪೌಲ್ ಟೂರ್ನಿಯೆಯ ಚರಿತ್ರೆ

ಸ್ವಿಟ್ಜರ್ಲಂಡ್ ದೇಶದ ಹೆಸರು ನಮ್ಮ ಸಭೆಗಳವರಿಗೆ ಅಪರಿಚಿತವಾದದ್ದಲ್ಲ. 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದ ಮೊದಲನೆಯ ಮೂವರು ಮಿಶನೆರಿಗಳನ್ನು ಕಳುಹಿಸಿಕೊಟ್ಟ ಬಾಸೆಲ್ ಪಟ್ಟಣವು ಆ ದೇಶದ ಬಡಗಣ ಅಂಚಿನಲ್ಲಿರುವದು. ಅದೇ ದೇಶದ ಪಡುವಣ ಮೂಲೆಯಲ್ಲಿ, ಒಂದು ದೊಡ್ಡ ಸರೋವರದ ತುದಿಯಲ್ಲಿ ಜೆನೀವಾ ಎಂಬ ಇನ್ನೊಂದು ಪಟ್ಟಣವುಂಟು. 1536ರಲ್ಲಿ ಕಾಲ್ವಿನನು ಅಲ್ಲಿಗೆ ಬಂದು ಸಭೆಯ ಸುಧಾರಣೆಯ ಕೆಲಸಕ್ಕೆ ಕೈಹಚ್ಚಿದ ಸಂಗತಿಯನ್ನು ವಾಚಕರಲ್ಲಿ ಅನೇಕರು ಕೇಳಿರುವರು. ನಾವು ಈ ಸಾರಿ ಆ ಪಟ್ಟಣದ ಬೋಧಕರಲ್ಲಿ ಒಬ್ಬನ ಚರಿತ್ರೆಯನ್ನಲ್ಲ, ಒಬ್ಬ ವೈದ್ಯನ ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ.

ಇದಕ್ಕೆ ಕಾರಣವುಂಟು. ನಮ್ಮ ಊರುಗಳಲ್ಲಿ ಒಬ್ಬ ಸಹೋದರನು ರಾತ್ರಿಯೆಲ್ಲಾ ನಿದ್ರೆಯಿಲ್ಲದೆ ಹೊರಳಾಡುತ್ತಾ, ಹೊಲದ ಕೆಲಸವನ್ನು ಬಿಟ್ಟು, ಗೋಡೆಯನ್ನೇ ನೋಡುತ್ತಾ ಕೂತನೆಂದರೆ, ಅವನಿಗೆ ಪ್ರಾರ್ಥನೆ ಸಾಲದೆಂದು ಕೆಲವರೂ, ಪ್ರಾರ್ಥನೆಯಿಂದ ಇದು ಆಗತಕ್ಕದ್ದಲ್ಲ, ಆಸ್ಪತ್ರೆಗೇ ಕರೆದುಕೊಂಡು ಹೋಗಿರೆಂದು ಬೇರೆ ಕೆಲವರೂ ಹೇಳುವರು. ಮನೆಯವರಾದರೋ ನಾಚಿಕೆಪಟ್ಟು ಬಾಗಿಲು ಮುಚ್ಚಿಕೊಳ್ಳುವರು. ಪ್ರಾರ್ಥಿಸುವವನು ವೈದ್ಯನ ಬಳಿಗೆ ಹೋಗಬಾರದೋ, ವೈದ್ಯನ ಬಳಿಗೆ ಹೋದವನು ಪ್ರಾರ್ಥಿಸಬಾರದೋ ಎಂಬ ಈ ಪ್ರಶ್ನೆಗೆ ಪೌಲ್ ಟೂರ್ನಿಯೆಯು ವಾದದಿಂದಲ್ಲ, ಐವತ್ತು ವರುಷಗಳ ತನ್ನ ನಡತೆಯಿಂದ ಉತ್ತರವನ್ನು ಕೊಟ್ಟನು.

ಆತನು 1898ನೆಯ ಇಸವಿ ಮೇ ತಿಂಗಳ 12ನೆಯ ತಾರೀಖಿನಲ್ಲಿ ಜೆನೀವಾದಲ್ಲಿ ಹುಟ್ಟಿದನು. ತಂದೆಯಾದ ಲೂಯಿ ಟೂರ್ನಿಯೆಯು ಆ ಪಟ್ಟಣದ ಸಂತ ಪೇತ್ರನ ದೇವಾಲಯದಲ್ಲಿ ಸೇವೆಮಾಡಿದ ಬೋಧಕನು. ಮಕ್ಕಳಿಗೋಸ್ಕರ ಪದ್ಯಗಳನ್ನೂ ಬರೆದವನು. ಮಗನು ಹುಟ್ಟಿದಾಗ ಆತನಿಗೆ ಸುಮಾರು ಎಪ್ಪತ್ತು ವರುಷ. ಕೆಲವೇ ತಿಂಗಳುಗಳಲ್ಲಿ ಆ ಮುದುಕ ತಂದೆಯು ತೀರಿಹೋದನು. ತಾಯಿಯು ಹುಡುಗನ ಆರನೆಯ ವಯಸ್ಸಿನಲ್ಲಿ ರೋಗದಿಂದ ಸತ್ತಳು. ಪೌಲನೂ ಅವನ ಅಕ್ಕನೂ ಸೋದರಮಾವನ ಮನೆಯಲ್ಲಿ ಬೆಳೆದರು. ಅನ್ನಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ಹುಡುಗನು ತನ್ನೊಳಗೆ ತಾನೇ ಬೀಗಹಾಕಿಕೊಂಡವನಂತೆ ಆದನು. ಶಾಲೆಯಲ್ಲಿ ಅವನಿಗೆ ಸ್ನೇಹಿತರಿಲ್ಲ. ತನ್ನನ್ನು ಕಂಡರೆ ಯಾರಿಗೂ ಬೇಕಿಲ್ಲವೆಂಬ ಎಣಿಕೆಯು ಅವನಲ್ಲಿ ಬೇರೂರಿತು. ಅಮ್ಮನ ಮರಣದ ವಿಷಯವಾಗಿ ಅವನು ಯಾರ ಸಂಗಡಲೂ ಮಾತಾಡಲಿಲ್ಲ, ಯಾರ ಎದುರಿಗೂ ಅಳಲಿಲ್ಲ. ಆ ಅಳುವು ಹೊರಗೆ ಬರುವದಕ್ಕೆ ಮೂವತ್ತು ವರುಷಗಳು ಹತ್ತಿರ ಹತ್ತಿರ ಬೇಕಾದವೆಂಬದನ್ನು ವಾಚಕರು ಮುಂದೆ ಕಾಣುವರು.

ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಅವನು ಎರಡು ನಿಶ್ಚಯಗಳನ್ನು ಮಾಡಿಕೊಂಡಿದ್ದನು: ಕರ್ತನಿಗೆ ತನ್ನ ಜೀವವನ್ನು ಒಪ್ಪಿಸಿಕೊಡುವದು ಒಂದು, ವೈದ್ಯನಾಗುವದು ಇನ್ನೊಂದು. ತಾಯಿಯನ್ನು ಕಿತ್ತುಕೊಂಡ ಮರಣದ ಮೇಲೆ ಸೇಡು ತೀರಿಸಿಕೊಳ್ಳುವ ಬಯಕೆಯೇ ತನ್ನನ್ನು ವೈದ್ಯವೃತ್ತಿಗೆ ಎಳೆಯಿತೋ ಏನೋ ಎಂದು ಆತನು ಮುಪ್ಪಿನಲ್ಲಿ ನೆನಸಿಕೊಂಡದ್ದುಂಟು.

ಹದಿನಾರು ವರುಷದವನಾಗಿದ್ದಾಗ ಶಾಲೆಯ ಗ್ರೀಕ್ ಭಾಷೆಯ ಉಪಾಧ್ಯಾಯನಾದ ಜೂಲ್ ದ್ಯುಬ್ವಾ ಎಂಬವನು ಈ ಮೌನಿಯಾದ ಹುಡುಗನನ್ನು ಕಂಡು ಕನಿಕರಪಟ್ಟು, ತನ್ನ ಮನೆಗೆ ಬರಹೇಳಿದನು. ಉಪಾಧ್ಯಾಯನ ಮನೆಗೆ ಹೋಗುವದೆಂದರೆ ಆ ಕಾಲದಲ್ಲಿ ಅಲ್ಲಿಯೂ ಸಣ್ಣ ಸಂಗತಿಯಲ್ಲ. ಹುಡುಗನು ನಡುಗುತ್ತಾ ಒಳಗೆ ಹೋದನು. ಪುಸ್ತಕಗಳು ತುಂಬಿದ ಆ ಕೋಣೆಯಲ್ಲಿ ಏನು ಮಾತಾಡಬೇಕೆಂದು ಅವನಿಗೆ ತೋಚಲಿಲ್ಲ. ಉಪಾಧ್ಯಾಯನಿಗೂ ತೋಚಿರಲಿಲ್ಲವೆಂಬದು ಬಹುಕಾಲದ ಮೇಲೆ ತಿಳಿಯಿತು! ಆದರೂ ಆತನು ಪುನಃ ಪುನಃ ಕರೆದನು. ಹುಡುಗನು ಪುನಃ ಪುನಃ ಹೋದನು. ಇನ್ನೊಬ್ಬ ಮನುಷ್ಯನ ಲೆಕ್ಕದಲ್ಲಿ ತಾನೂ ಒಬ್ಬನುಂಟೆಂಬದು ಅವನಿಗೆ ಮೊದಲು ತಿಳಿದದ್ದು ಅಲ್ಲಿಯೇ. ಆ ಉಪಾಧ್ಯಾಯನು ಮದ್ದನ್ನೂ ಕೊಡಲಿಲ್ಲ, ಪ್ರಸಂಗವನ್ನೂ ಮಾಡಲಿಲ್ಲ, ಕಿವಿಗೊಟ್ಟನು, ಅಷ್ಟೇ. ಟೂರ್ನಿಯೆಯು ಮುಂದೆ ಸಾವಿರಾರು ರೋಗಿಗಳಿಗೆ ಮಾಡಿದ ಉಪಕಾರವನ್ನು ಮೊದಲು ಅವನಿಗೆ ಮಾಡಿದವನು ಈ ಉಪಾಧ್ಯಾಯನೆಂದು ನಾವು ಎಣಿಸುತ್ತೇವೆ.

ಅಂದಿನಿಂದ ಅವನ ಬಾಯಿ ತೆರೆಯಿತು. ಆದರೆ ಹೃದಯವು ಇನ್ನೂ ತೆರೆದಿರಲಿಲ್ಲ. ಸಭೆಗಳಲ್ಲಿ ಮಾತಾಡುವದಕ್ಕೂ ವಾದಿಸುವದಕ್ಕೂ ಸಂಘಗಳನ್ನು ನಡಿಸುವದಕ್ಕೂ ಬಹಳ ಸಮರ್ಥನಾದನು. ಮೊದಲನೆಯ ಮಹಾಯುದ್ಧದ ತರುವಾಯ ರೆಡ್ ಕ್ರಾಸ್ ಸಂಘದವರ ಪರವಾಗಿ ವಿಯೆನ್ನಾ ಪಟ್ಟಣಕ್ಕೆ ಹೋಗಿ, ಯುದ್ಧದ ಸೆರೆಯಾಳುಗಳನ್ನು ಅವರವರ ದೇಶಗಳಿಗೆ ಕಳುಹಿಸುವ ಕೆಲಸದಲ್ಲಿ ಸೇರಿದನು. 1923ರಲ್ಲಿ ವೈದ್ಯಪದವಿಯನ್ನು ಪಡೆದನು. 1924ರಲ್ಲಿ ನೆಲ್ಲಿ ಬೂವಿಯೆ ಎಂಬವಳನ್ನು ಮದುವೆಯಾದನು. ಅವರಿಗೆ ಇಬ್ಬರು ಗಂಡುಮಕ್ಕಳಾದರು. 1925ರಿಂದ ಜೆನೀವಾದಲ್ಲಿಯೇ ಸಾಮಾನ್ಯ ವೈದ್ಯನಾಗಿ ಮನೆಮನೆಗೆ ಹೋಗಿ ಜ್ವರ, ಕೆಮ್ಮು, ಹೊಟ್ಟೆನೋವುಗಳಿಗೆ ಔಷಧ ಕೊಡುತ್ತಾ ಬಂದನು. ಸಭೆಯ ಆಡಳಿತದಲ್ಲಿಯೂ ಕೈಹಾಕಿದನು. ಶುದ್ಧೋಪದೇಶವನ್ನು ಕಾಯುತ್ತೇವೆಂದು ಹೇಳಿಕೊಳ್ಳುವ ಒಂದು ಪಕ್ಷದ ಜೊತೆ ಸೇರಿ, ಎದುರಿನವರ ಸಂಗಡ ಬಲವಾಗಿ ಜಗಳಾಡಿದನು. ಆ ಉಪದೇಶದಲ್ಲಿ ತಪ್ಪಿತ್ತೆಂದು ನಾವು ಹೇಳುವದಿಲ್ಲ. ಆದರೆ ಜಗಳವನ್ನೇ ಸೇವೆಯೆಂದು ಭಾವಿಸುವ ಆ ಬಿಸಿರಕ್ತವು ನಮ್ಮ ಸಭೆಗಳಲ್ಲಿಯೂ ಇಲ್ಲದಿಲ್ಲ.

ಹೀಗಿರಲಾಗಿ 1932ನೆಯ ಇಸವಿಯಲ್ಲಿ ಒಂದು ಸಂಗತಿ ನಡೆಯಿತು. ಆತನ ರೋಗಿಗಳಲ್ಲಿ ಬಹಳ ಕಷ್ಟಕೊಡುವ ಒಬ್ಬ ಸ್ತ್ರೀಯಿದ್ದಳು. ಏನು ಮಾಡಿದರೂ ಬದಲಾಗದಿದ್ದ ಆಕೆಯು ಬದಲಾದಳು. ವೈದ್ಯನು ಆಶ್ಚರ್ಯಪಟ್ಟು ವಿಚಾರಿಸಲು, ಆಕ್ಸ್‌ಫರ್ಡ್ ಗುಂಪು ಎಂದು ಕರೆಯಲ್ಪಡುತ್ತಿದ್ದ ಕ್ರೈಸ್ತರ ಕೂಟವೊಂದರಿಂದ ಹೀಗಾಯಿತೆಂದು ತಿಳಿಯಿತು. ಅಮೇರಿಕಾದ ಫ್ರಾಂಕ್ ಬುಕ್ಮನ್ ಎಂಬ ಬೋಧಕನು ಅದನ್ನು ಆರಂಭಿಸಿದ್ದನು. ಟೂರ್ನಿಯೆಯು ಒಂದು ಮನೆಯಲ್ಲಿ ಕೂಡಿದ್ದ ಅವರನ್ನು ನೋಡಲಿಕ್ಕೆ ಹೋದನು. ದೊಡ್ಡ ದೊಡ್ಡ ಆಲೋಚನೆಗಳನ್ನೂ ಸಭೆಯನ್ನು ತಿದ್ದುವ ಯೋಜನೆಗಳನ್ನೂ ಕೇಳುವೆನೆಂದು ಆತನು ನಂಬಿದ್ದನು. ಅಲ್ಲಿದ್ದವರಾದರೋ ತಮ್ಮ ತಮ್ಮ ಮನೆಯ ತಪ್ಪುಗಳನ್ನೂ ಮನಸ್ಸಿನ ಭಯಗಳನ್ನೂ ಮರೆಮಾಡದೆ ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಜೆನೀವಾದ ರಾಷ್ಟ್ರಸಂಘದ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಡಚ್ ದೇಶದವನೊಬ್ಬನಿದ್ದನು. ಇಂಥಾ ಧೈರ್ಯವು ಹೇಗೆ ಬಂತೆಂದು ಟೂರ್ನಿಯೆಯು ಕೇಳಲಾಗಿ, ದಿನಾಲೂ ಬೆಳಿಗ್ಗೆ ದೇವರ ಮುಂದೆ ಸುಮ್ಮನೆ ಕೂತು ಕಿವಿಗೊಡುತ್ತೇವೆಂಬದೇ ಅವನ ಉತ್ತರವಾಗಿತ್ತು.

ಮಾರನೆಯ ದಿವಸ ನಮ್ಮ ವೈದ್ಯನು ಎಂದಿಗಿಂತ ಒಂದು ತಾಸು ಮುಂಚೆ ಎದ್ದನು. ಹೆಂಡತಿಗೂ ತಿಳಿಸದೆ ಮೆಲ್ಲನೆ ಹೊರಗೆ ಬಂದು, ಗಡಿಯಾರವನ್ನು ನೋಡಿಕೊಂಡು, ದೇವರು ಏನು ಹೇಳುವನೋ ಎಂದು ಕಾದನು. ಏನೂ ಕೇಳಿಸಲಿಲ್ಲ. ಮನಸ್ಸು ಅತ್ತ ಇತ್ತ ಓಡಾಡಿತು. ಕೊನೆಗೆ ಹೊತ್ತು ತೀರಿತೆಂದು ಏಳುವಾಗ, ಇದನ್ನು ಬಿಡದೆ ಮುಂದುವರಿಸತಕ್ಕದ್ದೆಂಬ ಒಂದು ಆಲೋಚನೆ ಬಂತು. ಆ ಆಲೋಚನೆಯೇ ದೇವರಿಂದ ಬಂದದ್ದಾಗಿರಬಹುದಲ್ಲವೇ ಎಂದು ಆತನಿಗೆ ಹೊಳೆಯಿತು. ಅಷ್ಟರಿಂದ ಆರಂಭ. ವಾಚಕರಲ್ಲಿ ಯಾರಾದರೂ ಮೊದಲನೆಯ ಸಾರಿ ಮೌನಪ್ರಾರ್ಥನೆಗೆ ಕೂತು, ಎತ್ತಿನ ಚಿಂತೆಯೂ ಸಾಲದ ಚಿಂತೆಯೂ ತಲೆತುಂಬಿ ನಾಚಿಕೆಪಟ್ಟು ಎದ್ದಿದ್ದರೆ, ಈ ಪಂಡಿತನಿಗೂ ಹಾಗೆಯೇ ಆಯಿತೆಂದು ತಿಳಿದು ಸಮಾಧಾನಪಡಲಿ. ಬಾಲಕನಾದ ಸಮುವೇಲನೂ ಮೊದಲು ಎರಡು ಮೂರು ಸಾರಿ ಏಲಿಯ ಬಳಿಗೇ ಓಡಿದನಲ್ಲವೇ?

ಆತನ ಪದ್ಧತಿಯಲ್ಲಿ ಗೂಢವೇನೂ ಇರಲಿಲ್ಲ. ಸತ್ಯವೇದವನ್ನು ಓದುವನು, ಸುಮ್ಮನೆ ಕೂತಿರುವನು, ಮನಸ್ಸಿಗೆ ಬಂದದ್ದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವನು. ಒಬ್ಬನಿಗೆ ಬರೆಯಬೇಕಾದ ಕ್ಷಮಾಪಣೆಯ ಕಾಗದ, ತಾನು ಮರೆತ ಒಬ್ಬ ರೋಗಿಯ ಹೆಸರು, ಮಕ್ಕಳ ಮೇಲೆ ಸುಮ್ಮನೆ ಸಿಟ್ಟುಗೊಂಡದ್ದು, ಹೀಗೆ ಸಣ್ಣ ಸಣ್ಣ ಸಂಗತಿಗಳೇ ಹೆಚ್ಚು. ಮೌನದಲ್ಲಿ ಹುಟ್ಟಿದ ಎಲ್ಲಾ ಆಲೋಚನೆಯೂ ದೇವರ ಮಾತೆಂದು ಆತನು ನಂಬಲಿಲ್ಲ. ಮನುಷ್ಯನು ತನ್ನ ಇಚ್ಛೆಯನ್ನೇ ದೇವರ ಸ್ವರವೆಂದು ತಿಳಿದು ಮೋಸಹೋಗಬಹುದೆಂದೂ, ತಾನೇ ಹಾಗೆ ಎಡವಿದ್ದುಂಟೆಂದೂ ಒಪ್ಪಿಕೊಂಡನು. ಈ ಎಚ್ಚರವನ್ನು ನಾವು ಬಹಳ ಮೆಚ್ಚುತ್ತೇವೆ; ದೇವರು ನನಗೆ ಹೇಳಿದನೆಂಬ ಒಂದು ಮಾತಿನಿಂದ ಎಷ್ಟು ಮನೆಗಳು ಒಡೆದಿವೆಯೆಂಬದನ್ನು ಉಪದೇಶಿಗಳು ಬಲ್ಲರು.

ಮೌನದ ಮೊದಲನೆಯ ಫಲವು ಆತನ ಸ್ವಂತ ಮನೆಯಲ್ಲಿಯೇ ಕಾಣಿಸಿತು. ಪೌಲನು ಹೆಂಡತಿಗೆ ದೈವಿಕ ವಿಷಯಗಳನ್ನೂ ಲೋಕದ ವಿಷಯಗಳನ್ನೂ ಬಹಳವಾಗಿ ಕಲಿಸುತ್ತಿದ್ದನು. ಆಕೆಯಾದರೋ, ಆತನು ತನಗೆ ಉಪಾಧ್ಯಾಯನೂ ವೈದ್ಯನೂ ಬೋಧಕನೂ ಆಗಿರುವದೇನೋ ನಿಜ, ಆದರೆ ಗಂಡನಾಗಿರಲಿಲ್ಲವೆಂಬದಾಗಿ ಒಂದು ದಿನ ಬಾಯಿಬಿಟ್ಟು ಹೇಳಿದಳು. ಇಂಥಾ ಮಾತನ್ನು ಕೇಳಿ ಸಿಟ್ಟುಗೊಳ್ಳದ ಗಂಡಂದಿರು ಎಷ್ಟು ಮಂದಿ? ಅಂದಿನಿಂದ ಇಬ್ಬರೂ ಕೂಡಿಕೊಂಡು ಮೌನವಾಗಿ ಕೂರುವದನ್ನು ಕಲಿತರು. ಮಾತಿನಲ್ಲಿ ಯಾವಾಗಲೂ ಗಂಡನೇ ಗೆಲ್ಲುತ್ತಿದ್ದನು. ಮೌನದಲ್ಲಿ ಹೆಂಡತಿಗೂ ಸಮಪಾಲು ದೊರಕಿತು. ಆಕೆಯೆದುರಿಗೆ ಪೌಲನು ತನ್ನ ತಾಯಿಯ ಮರಣವನ್ನೂ ತನ್ನ ಅನಾಥತನವನ್ನೂ ಮೊದಲನೆಯ ಸಾರಿ ಹೇಳಿಕೊಂಡು ಅತ್ತನು. ಆರು ವರುಷದ ಹುಡುಗನಲ್ಲಿ ಕಟ್ಟಿಹೋಗಿದ್ದ ಕಣ್ಣೀರು ಮೂವತ್ತನ್ನು ದಾಟಿದ ಗಂಡಸಿನ ಕಣ್ಣುಗಳಿಂದ ಹರಿಯಿತು.

ಇದಾದ ಮೇಲೆ ಆತನ ವೈದ್ಯಕೆಲಸವೂ ತಾನಾಗಿಯೇ ಬೇರೆಯಾಯಿತು. ಹಗಲು ಶರೀರದ ರೋಗಗಳನ್ನು ನೋಡಿಸಿಕೊಳ್ಳಲು ಬಂದವರಲ್ಲಿ ಕೆಲವರು ಸಾಯಂಕಾಲ ಆತನ ಮನೆಗೆ ಬಂದು, ಚಳಿಗೆ ಹಚ್ಚಿದ ಬೆಂಕಿಯ ಹತ್ತಿರ ಕೂತು, ಬೇರೆಲ್ಲಿಯೂ ಹೇಳದ ಮಾತುಗಳನ್ನು ಹೇಳತೊಡಗಿದರು. ಜ್ವರದ ಹಿಂದೆ ಒಂದು ಭಯವೂ, ಎದೆನೋವಿನ ಹಿಂದೆ ಒಂದು ಹಳೆಯ ದ್ವೇಷವೂ ಅಡಗಿರಬಹುದೆಂಬದು ಆತನಿಗೆ ಕಂಡುಬಂತು. ರೋಗಿಯು ಮನಸ್ಸಿನೊಳಗಿನ ಸಂಕಟವನ್ನು ಬಲ್ಲವನೊಬ್ಬನ ಮುಂದೆ ಮಾತಿನಿಂದ ಹೊರಗೆ ಹಾಕಿ, ಆ ಸಂಭಾಷಣೆಯ ಮೂಲಕ ಗುಣಹೊಂದುವ ವಿಧಾನಕ್ಕೆ ಮನೋಚಿಕಿತ್ಸೆ ಎಂದು ಹೆಸರು. ವಿಯೆನ್ನಾದ ಫ್ರಾಯ್ಡನೂ ಜ್ಯೂರಿಕ್ ಪ್ರಾಂತ್ಯದ ಯೂಂಗನೂ ಅದನ್ನು ಆ ಕಾಲದಲ್ಲಿ ಹೆಸರಿಗೆ ತಂದಿದ್ದರು. ಫ್ರಾಯ್ಡನು ದೇವರನ್ನು ನಂಬದವನು. ಆದರೂ ಟೂರ್ನಿಯೆಯು ಅವನ ಪುಸ್ತಕಗಳನ್ನು ಹೆದರದೆ ಓದಿ, ಮನುಷ್ಯನ ಒಳಮನಸ್ಸಿನ ವಿಷಯವಾಗಿ ಅವನಿಂದ ಕಲಿಯತಕ್ಕದ್ದನ್ನು ಕಲಿತನು. ಮನೋರೋಗಗಳ ವಿಶೇಷ ಪಂಡಿತನೆಂಬ ಹೆಸರನ್ನಾದರೋ ತಾನು ಇಟ್ಟುಕೊಳ್ಳಲಿಲ್ಲ. ಸಾಮಾನ್ಯ ವೈದ್ಯನಾಗಿಯೇ ಉಳಿದನು.

1937ರಲ್ಲಿ ಆತನು ದೇಹಕ್ಕೆ ಔಷಧವನ್ನೂ ಮನಸ್ಸಿಗೆ ಸಂಭಾಷಣೆಯನ್ನೂ ಆತ್ಮಕ್ಕೆ ಪ್ರಾರ್ಥನೆಯನ್ನೂ ಬೇರೆಮಾಡದೆ ಒಟ್ಟಾಗಿ ನಡಿಸುವದೆಂದು ನಿಶ್ಚೈಸಿ, ಇದನ್ನು ತನ್ನ ರೋಗಿಗಳಿಗೆ ಕಾಗದ ಬರೆದು ತಿಳಿಸಿದನು. ಹೆಂಡತಿಮಕ್ಕಳಿರುವ ವೈದ್ಯನು ಹೀಗೆ ಬರೆಯುವದು ಸುಲಭವಲ್ಲ. ವಿದ್ಯಾವಂತರು ನಗುವರೆಂಬ ಭಯವಿತ್ತು. 1940ರಲ್ಲಿ ತನ್ನ ಮೊದಲನೆಯ ಪುಸ್ತಕವನ್ನು ಅಚ್ಚುಹಾಕಿಸಿದನು. ವ್ಯಕ್ತಿಯ ವೈದ್ಯವೆಂಬ ಅರ್ಥದ ಹೆಸರು ಅದಕ್ಕಿತ್ತು.

ಪ್ರಾರ್ಥನೆಯನ್ನು ಆತನು ಔಷಧದ ಸ್ಥಾನದಲ್ಲಿ ಇಡಲಿಲ್ಲ. ಕೊಡಬೇಕಾದ ಔಷಧವನ್ನು ಕೊಟ್ಟನು. ಶಸ್ತ್ರಚಿಕಿತ್ಸೆ ಬೇಕಾದವನನ್ನು ಶಸ್ತ್ರವೈದ್ಯನ ಬಳಿಗೆ ಕಳುಹಿಸುವದರಲ್ಲಿ ಅವಿಶ್ವಾಸವೇನೂ ಇಲ್ಲವೆಂದು ತಿಳಿದನು. ದೇವರ ಹೆಸರನ್ನು ಕೇಳಲು ಮನಸ್ಸಿಲ್ಲದ ರೋಗಿಯ ಮೇಲೆ ಮತವನ್ನು ಹೇರಲೂ ಇಲ್ಲ. ಅಂಥವನ ಮಾತನ್ನು ಕೇಳುತ್ತಾ ತಾನು ಒಳಗೊಳಗೇ ಪ್ರಾರ್ಥಿಸುತ್ತಿದ್ದನು. ಮನಸ್ಸಿದ್ದವರ ಸಂಗಡ ಮಾತ್ರ ಬಹಿರಂಗವಾಗಿ ಮೌನಕ್ಕೆ ಕೂತನು. ತನ್ನ ಸ್ವಂತ ಬಲಹೀನತೆಗಳನ್ನು ರೋಗಿಗಳಿಗೆ ಮೊದಲು ತಾನೇ ಹೇಳಿಬಿಡುತ್ತಿದ್ದದರಿಂದ ಅವರ ನಾಚಿಕೆಯು ಅರ್ಧ ಇಳಿದುಹೋಗುತ್ತಿತ್ತು. ಏಲೀಯನು ಸಾಯಬೇಕೆಂದು ಜಾಲಿಯ ಗಿಡದ ಕೆಳಗೆ ಮಲಗಿದಾಗ ದೇವರು ಮೊದಲು ಅವನನ್ನು ಗದರಿಸಲಿಲ್ಲ, ನಿದ್ರೆಯನ್ನು ಕೊಟ್ಟನು. ದೂತನ ಕೈಯಿಂದ ರೊಟ್ಟಿಯನ್ನೂ ನೀರನ್ನೂ ಕೊಡಿಸಿದನು. ಮೆಲ್ಲನೆಯ ಸ್ವರವು ಆ ಮೇಲೆ, ನಾಲ್ವತ್ತು ದಿವಸಗಳ ಹಾದಿ ಕಳೆದ ತರುವಾಯ, ಬೆಟ್ಟದಲ್ಲಿ ಬಂತು. ಟೂರ್ನಿಯೆಯ ಚರಿತ್ರೆಯನ್ನು ಓದುವಾಗೆಲ್ಲಾ ನಮಗೆ ಆ ಅಧ್ಯಾಯವು ನೆನಪಿಗೆ ಬರುವದು.

ಆತನು ತನ್ನ ಪುಸ್ತಕಗಳಲ್ಲಿ ಹೇಳಿದ ಒಂದು ಸಂಗತಿಯು ಬಹಳ ಪ್ರಸಿದ್ಧವಾಯಿತು. ಆತನ ಸ್ನೇಹಿತನಾದ ಒಬ್ಬ ವೈದ್ಯನು ರಕ್ತ ಕಡಿಮೆಯಾಗಿದ್ದ ಒಬ್ಬ ಸ್ತ್ರೀಗೆ ತಿಂಗಳುಗಟ್ಟಲೆ ಔಷಧ ಕೊಟ್ಟರೂ ಗುಣ ಕಾಣಲಿಲ್ಲ. ಕೊನೆಗೆ ಬೆಟ್ಟದ ಮೇಲಿನ ಆರೋಗ್ಯಶಾಲೆಗೆ ಕಳುಹಿಸಬೇಕೆಂದಿರುವಾಗ ಪುನಃ ಪರೀಕ್ಷಿಸಿದರೆ ರಕ್ತವು ಸರಿಯಾಗಿಯೇ ಇತ್ತು. ನಡುವೆ ಏನಾಯಿತೆಂದು ಕೇಳಲಾಗಿ, ಬಹುಕಾಲದಿಂದ ಹಗೆಯಿಟ್ಟುಕೊಂಡಿದ್ದ ಒಬ್ಬರನ್ನು ಆಕೆಯು ಕ್ಷಮಿಸಿದ್ದಳೆಂದು ತಿಳಿಯಿತು. ಆದರೆ ವಾಚಕರು ಇದನ್ನು ಕೇಳಿ, ರಕ್ತ ಕಡಿಮೆಯಾದ ಹೆಂಗಸರೆಲ್ಲಾ ಹಗೆಯುಳ್ಳವರೆಂದು ತೀರ್ಪುಮಾಡಬಾರದು. ಕಬ್ಬಿಣದ ಮಾತ್ರೆಯನ್ನೂ ಸೊಪ್ಪನ್ನೂ ಬಿಡಲೂಬಾರದು.

1958ರಲ್ಲಿ ಆತನು ಬರೆದ ಪುಸ್ತಕವೊಂದು ಅಪರಾಧಭಾವದ ವಿಷಯವಾಗಿದೆ. ದೇವರ ಮುಂದೆ ನಿಜವಾಗಿ ಮಾಡಿದ ಪಾಪದಿಂದ ಹುಟ್ಟುವ ನೋವು ಒಂದು. ತಂದೆತಾಯಿಗಳೂ ನೆರೆಯವರೂ ಸಮಾಜವೂ ಮನುಷ್ಯನ ತಲೆಯ ಮೇಲೆ ಹೊರಿಸಿದ ನಾಚಿಕೆಯಿಂದ ಹುಟ್ಟುವ ನೋವು ಮತ್ತೊಂದು. ಮೊದಲನೆಯದಕ್ಕೆ ಕ್ಷಮೆಯೇ ಮದ್ದು. ಎರಡನೆಯದನ್ನು ಪಾಪವೆಂದು ತಿಳಿದು ಎಷ್ಟು ಅರಿಕೆಮಾಡಿದರೂ ಭಾರವು ಇಳಿಯದು. ಅದು ಸುಳ್ಳು ಭಾರವೆಂದು ಯಾರಾದರೂ ತಾಳ್ಮೆಯಿಂದ ಬಿಡಿಸಿ ತೋರಿಸಬೇಕು. ಭಕ್ತಿವಂತರೇ ದುರ್ಬಲರ ಮೇಲೆ ಈ ಸುಳ್ಳು ಭಾರವನ್ನು ಹೊರಿಸುವದುಂಟೆಂಬದನ್ನೂ ಆತನು ಮರೆಮಾಡದೆ ಬರೆದನು.

ಇದನ್ನು ಓದಿದಾಗ ನಮ್ಮ ಮನಸ್ಸಾಕ್ಷಿಯೇ ನಮ್ಮನ್ನು ಚುಚ್ಚಿತು. ನಮ್ಮ ಸೇವೆಯ ಆರಂಭದ ವರುಷಗಳಲ್ಲಿ ಒಬ್ಬ ಬಾಣಂತಿಯು ನಿದ್ರೆಯಿಲ್ಲದೆ ಅಳುತ್ತಾ, ಕೂಸನ್ನು ಎತ್ತಿಕೊಳ್ಳಲೊಲ್ಲದೆ ಇದ್ದಳು. ನಾವು ಆ ಮನೆಗೆ ಹೋಗಿ, ಉಪವಾಸವಿದ್ದು ಪ್ರಾರ್ಥಿಸೆಂದು ಆಕೆಗೆ ಬುದ್ಧಿಹೇಳಿ ಬಂದೆವು. ಮೊದಲೇ ಅನ್ನ ಬಿಟ್ಟವಳಿಗೆ ಉಪವಾಸ! ಪ್ರಾರ್ಥಿಸಲಾರದ್ದು ಆಕೆಗೆ ಇನ್ನೊಂದು ಅಪರಾಧವಾಯಿತು. ಹೆರಿಗೆ ಮಾಡಿಸಿದ ದಾದಿಯು ಗುರುತು ಹಿಡಿದು ಆಸ್ಪತ್ರೆಗೆ ಸೇರಿಸದೆ ಇದ್ದಿದ್ದರೆ ಆ ಮಗುವು ತಾಯಿಯಿಲ್ಲದೆ ಬೆಳೆಯುತ್ತಿತ್ತೋ ಏನೋ. ಔಷಧದಿಂದಲೂ ವೈದ್ಯರ ಮಾತಿನಿಂದಲೂ ಆಕೆಯು ಗುಣಹೊಂದಿ, ಈಗ ನಮ್ಮ ಆದಿತ್ಯವಾರದ ಆರಾಧನೆಯಲ್ಲಿ ಹಾಡುತ್ತಾಳೆ. ಆಕೆ ನಮ್ಮನ್ನು ಕ್ಷಮಿಸಿದ್ದಾಳೆ.

ಚರಿತ್ರೆಗೆ ಹಿಂತಿರುಗೋಣ. ಆಕ್ಸ್‌ಫರ್ಡ್ ಗುಂಪು ಎರಡನೆಯ ಮಹಾಯುದ್ಧದ ಹೊತ್ತಿಗೆ ಬೇರೆ ಹೆಸರನ್ನು ಹೊಂದಿ ಲೋಕದ ರಾಜಕಾರ್ಯಗಳ ಕಡೆಗೆ ತಿರುಗಿದ್ದರಿಂದ, ಟೂರ್ನಿಯೆಯು 1946ರಲ್ಲಿ ಅದನ್ನು ಬಿಟ್ಟನು. ಅಲ್ಲಿ ಕಲಿತ ಬೆಳಗಿನ ಮೌನವನ್ನಾದರೋ ಬಿಡಲಿಲ್ಲ. 1947ರಲ್ಲಿ ಜೆನೀವಾದ ಹತ್ತಿರ ಬೊಸ್ಸೇ ಎಂಬ ಸ್ಥಳದಲ್ಲಿ ಬೇರೆ ಬೇರೆ ದೇಶಗಳ ವೈದ್ಯರು ಕೂಡಿ ಬಂದರು. ಯುದ್ಧದಲ್ಲಿ ಒಬ್ಬರಿಗೊಬ್ಬರು ಶತ್ರುಗಳಾಗಿದ್ದ ದೇಶಗಳವರು ಒಂದೇ ಮೇಜಿನ ಸುತ್ತಲೂ ಕೂತು, ಬೆಳಿಗ್ಗೆ ಸತ್ಯವೇದವನ್ನು ಓದಿ, ಆ ಮೇಲೆ ರೋಗಗಳ ವಿಷಯವಾಗಿ ಮಾತಾಡಿಕೊಂಡರು. ಆ ಕೂಟವು ವರುಷಕ್ಕೊಂದಾವರ್ತಿ ನಡೆಯುತ್ತಾ, ಆತನ ಮರಣದ ತರುವಾಯವೂ ನಿಲ್ಲಲಿಲ್ಲ. ಆತನ ಪುಸ್ತಕಗಳು ಅನೇಕ ಭಾಷೆಗಳಿಗೆ ಪರಿವರ್ತನೆಯಾದವು. ದೂರದೂರದ ದೇಶಗಳಿಂದ ಕರೆಗಳು ಬಂದವು. ಹೋದಲ್ಲೆಲ್ಲಾ ನೆಲ್ಲಿಯು ಜೊತೆಯಲ್ಲಿದ್ದಳು.

1974ರಲ್ಲಿ ಇಬ್ಬರೂ ಗ್ರೀಸ್ ದೇಶದ ಅಥೇನೆ ಪಟ್ಟಣದಲ್ಲಿದ್ದಾಗ ನೆಲ್ಲಿಗೆ ಹೃದಯದ ರೋಗವು ತಟ್ಟನೆ ಬಂತು. ಆಕೆಯನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸಿ, ಆತನು ಹಾಸಿಗೆಯ ಪಕ್ಕದಲ್ಲಿಯೇ ಇದ್ದನು. ಒಂದು ತಿಂಗಳಷ್ಟು ಕಳೆಯಿತು. ಚೇತರಿಸಿಕೊಂಡು ಊರಿಗೆ ಹಿಂತಿರುಗುವ ನಿರೀಕ್ಷೆಯೂ ಇತ್ತು. ಆಗ ಒಂದು ದಿನ ಆಕೆಯು, ತಾನು ಆ ಮೊದಲನೆಯ ಹೊಡೆತದಲ್ಲಿಯೇ ಸತ್ತಿದ್ದರೆ ಇಷ್ಟು ಹೊತ್ತಿಗೆ ಪರಲೋಕದಲ್ಲಿದ್ದು ಆತನ ತಂದೆತಾಯಿಗಳ ಗುರುತು ಮಾಡಿಕೊಂಡಿರುತ್ತಿದ್ದೆನಲ್ಲಾ ಎಂಬದಾಗಿ ಮೆಲ್ಲನೆ ಹೇಳಿದಳು. ಅವರು ತಮ್ಮ ಮಗನಿಗೆ ಆಕೆಯು ಆಗಿದ್ದದ್ದೆಲ್ಲಕ್ಕೂ ಆಕೆಗೆ ಕೃತಜ್ಞತೆಯನ್ನು ಸಲ್ಲಿಸುವರೆಂದು ಆತನು ಉತ್ತರಕೊಟ್ಟನು. ಸ್ವಲ್ಪ ಹೊತ್ತಿನಲ್ಲಿಯೇ ಆಕೆಯ ಪ್ರಾಣವು ಹೋಯಿತು. ಆರನೆಯ ವಯಸ್ಸಿನಲ್ಲಿ ತಾಯಿಯ ಮರಣದ ವಿಷಯವಾಗಿ ಒಂದು ಮಾತನ್ನೂ ಆಡಲಾರದೆ ಹೋದ ಆ ಹುಡುಗನು, ಎಪ್ಪತ್ತಾರನೆಯ ವಯಸ್ಸಿನಲ್ಲಿ ಹೆಂಡತಿಯ ಮರಣದ ಹೊತ್ತಿನಲ್ಲಿ ಆಡಬೇಕಾದ ಮಾತನ್ನು ಆಡಿ ತೀರಿಸಿದ್ದನು.

ಆತನು ಇನ್ನೂ ಹನ್ನೆರಡು ವರುಷ ಬದುಕಿದನು. ಆ ದುಃಖವನ್ನು ಕಡಿಮೆಯೆಂದು ಹೇಳಿಕೊಳ್ಳಲಿಲ್ಲ. ತಾನು ಪುನಃ ಅನಾಥನಾದೆನೆಂದು ಒಪ್ಪಿಕೊಂಡನು. ಆದರೂ ದುಃಖವು ಮನುಷ್ಯನಲ್ಲಿ ಹೇಗೆ ಫಲಕೊಡಬಹುದೆಂಬದನ್ನು ಕುರಿತು 1981ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದನು. 1984ರಲ್ಲಿ ಸಂಗೀತವಿದ್ವಾಂಸಳಾದ ಕೊರಿನ್ ಎಂಬವಳನ್ನು ಮದುವೆಯಾದನು. ಹೆಂಡತಿಯೊಡನೆ ಮಾಡುತ್ತಿದ್ದ ಮೌನವನ್ನು ನೆಲ್ಲಿಯ ಮರಣಾನಂತರ ಒಬ್ಬನೇ ಕೂತು ನಡಿಸುತ್ತಾ ಬಂದಿದ್ದನು. 1986ನೆಯ ಇಸವಿ ಅಕ್ಟೋಬರ್ ತಿಂಗಳ 7ನೆಯ ತಾರೀಖಿನಲ್ಲಿ, ತನ್ನ ಎಂಭತ್ತೆಂಟನೆಯ ವಯಸ್ಸಿನಲ್ಲಿ, ಪೌಲ್ ಟೂರ್ನಿಯೆಯು ಕರ್ತನಲ್ಲಿ ನಿದ್ರೆಹೋದನು.